ಚರಗ ಬೀಳದ ದಾರಿ

ಜೆಸಿಬಿಯ ಬಕೆಟ್ಟು ಹುಚ್ಚಮ್ಮನ ಎದೆಮಟ್ಟಕ್ಕೆ ಬಂದು ನಿಂತಿತು. ಆಕೆ ಕದಲಲಿಲ್ಲ.

"ಅಜ್ಜೀ, ಅತ್ಲಾಗೆ ಸರಿ!" ಡ್ರೈವರ್ ರವಿ ಮೇಲಿನಿಂದ ಕೂಗಿದ. "ನಂಗೂ ಹೆಂಡ್ರು ಮಕ್ಳು ಅದಾವೆ. ನಿನ್ನ ಮೈಗೆ ತಾಗಿದ್ರೆ ನನ್ನ ಒಳಗೆ ಹಾಕ್ತಾರೆ."

"ತಾಗ್ಸಿ ನೋಡು. ನಿನ್ನ ಅಪ್ಪನ ಹೆಣ ಹೊತ್ಕಂಡು ಹೋಗಿದ್ದೂ ಇದೇ ದಾರಿ ಮೇಲೆ. ಮರ್ತು ಹೋಯ್ತಾ?"

ರವಿ ಎಂಜಿನ್ ಆರಿಸಿ, ಬೀಡಿಗಾಗಿ ಜೇಬು ತಡಕಿದ.

ಸ್ವಲ್ಪ ದೂರದಲ್ಲಿ ಖಾಲಿ ಗುಂಡಿಯ ಪಕ್ಕ ಮಂಡಿಯೂರಿದ್ದ ಸಬ್ ಇನ್ಸ್‌ಪೆಕ್ಟರ್ ಗಂಗಾಶ್ರೀ ತಲೆಯೆತ್ತಿ ನೋಡಿ, ತುಟಿಯಂಚಿನಲ್ಲೇ ನಕ್ಕು, ಮತ್ತೆ ಮಣ್ಣಿನ ಕಡೆ ಬಗ್ಗಿದಳು. ಸುಂಕದಕೊಪ್ಪದ ಹಳೆಯ ದಾರಿಗೆ ಗುರುತಾಗಿ ನಿಂತಿದ್ದ ದಾರಿಬಸಪ್ಪನ ಕಲ್ಲು ಮಾಯವಾಗಿ ಇದು ಎರಡನೆಯ ದಿನ. ಮಧ್ಯಾಹ್ನ ಕಂದಾಯ ಇಲಾಖೆಯ ಎ.ಸಿ. ಸಾಹೇಬರು ಸ್ಥಳ ತನಿಖೆಗೆ ಬರುವುದರೊಳಗೆ ಅದು ಸಿಗದಿದ್ದರೆ, ಇಲ್ಲಿ ದಾರಿಯೇ ಇರಲಿಲ್ಲ ಎಂದು ಬರೆದುಕೊಂಡು ಹೋಗುವುದೊಂದೇ ಉಳಿದಿತ್ತು.

ದಾರಿ ಎಂದು ಹೇಳಿದರೆ ಹೊಸಬರು ನಂಬುವಂತಿರಲಿಲ್ಲ. ಎರಡು ಭತ್ತದ ಗದ್ದೆಗಳ ನಡುವೆ, ಎರಡು ಎತ್ತಿನಗಾಡಿ ಎದುರುಬದುರು ದಾಟುವಷ್ಟು ಅಗಲದ ಹುಲ್ಲುಪಟ್ಟಿ. ಅಲ್ಲಲ್ಲಿ ಹುಲ್ಲಿನಡಿಯಿಂದ ಇಣುಕುವ ಹಾಸುಗಲ್ಲು. ಮೇಲಿನ ಗದ್ದೆಗೆ ಶಿಕಾರಿಪುರ ತಾಲೂಕು ಮುಗಿಯುತ್ತಿತ್ತು, ಕೆಳಗಿನ ಗದ್ದೆಯಿಂದ ಸೊರಬ ಶುರು. ಎರಡೂ ಕಡೆಯ ನಕಾಶೆಯಲ್ಲಿ ಆ ಪಟ್ಟಿ ಅಂಚಿಗೆ ಬಿದ್ದಿತ್ತು. ಇವರನ್ನು ಕೇಳಿದರೆ ಅವರದು, ಅವರನ್ನು ಕೇಳಿದರೆ ಇವರದು.

ಆ ಸಂದಿನಲ್ಲೇ ಮೆಕ್ಕೆಜೋಳದ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಕೈ ತೂರಿಸಿದ್ದ. ಮೇಲಿನ ಗದ್ದೆಯೂ ಅವನದೇ, ಕೆಳಗಿನದೂ ಅವನದೇ. ನಡುವೆ ದಾರಿ ಯಾವತ್ತೂ ಇರಲಿಲ್ಲ, ಎರಡೂ ಕೂಡಿ ಒಂದೇ ಜಮೀನು ಎಂಬುದು ಅವನ ವಾದ. ಗೋದಾಮು ಕಟ್ಟುವುದಕ್ಕೆ, ಸುತ್ತ ಕಾಂಪೌಂಡು ಎಬ್ಬಿಸುವುದಕ್ಕೆ ಸೈಜುಗಲ್ಲು ಆಗಲೇ ಬಂದು ಬಿದ್ದಿತ್ತು. ಕಾಂಪೌಂಡು ಎದ್ದಿತೆಂದರೆ ಕೆಳಕೇರಿಯ ಜನಕ್ಕೆ ಗದ್ದೆಗೂ ಹಾದಿಯಿಲ್ಲ, ಸುಡುಗಾಡಿಗೂ ಹಾದಿಯಿಲ್ಲ.

"ಮೇಡಂ, ಟೀ."

ಕಾನ್‌ಸ್ಟೇಬಲ್ ಹನುಮಂತಪ್ಪ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಹಿಡಿದಿದ್ದ. ದೊಡ್ಡ ಆಳು, ಸೊರಬದ ಕಡೆಯವನು, ನಿಂತಲ್ಲೇ ನಗಿಸುವವನು. ಗಂಗಾಶ್ರೀಯ ಕಣ್ಣು ಅವನ ಕಾಲಿನ ಮೇಲೆ ಬಿತ್ತು.

"ಏನ್ರೀ ಇದು, ಖಾಕಿ ಪ್ಯಾಂಟಿಗೆ ಹವಾಯಿ ಚಪ್ಪಲಿ?"

"ಎಂತ ಮಾಡೂದು ಮೇಡಂ. ನೀವೇ ಅಲ್ದಾ ರಾತ್ರಿ ಇಡೀ ಇಲ್ಲಿ ಕಾವಲು ಕೂರ್ಸಿದ್ದು? ಇಬ್ಬನಿಗೆ ಬೂಟು ನೆಂದು ಮುದ್ದೆ ಆದ್ವು. ಒಲೆ ಹತ್ರ ಒಣಗ್ತಾ ಅವೆ. ನನ್ನ ಹೆಂಡ್ತಿ ಒಣಮೀನು ಅಂತ ಸಾರಿಗೆ ಹಾಕ್ದಿದ್ರೆ ಸಾಕು."

ಗಂಗಾಶ್ರೀ ನಗುತ್ತ ಚಹಾ ತೆಗೆದುಕೊಂಡಳು. ಆಮೇಲೆ ಗುಂಡಿಯಾಚೆ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ ಶ್ರೀಲತಾಳ ಕಡೆ ತಿರುಗಿದಳು. ಶಾಸನ, ಹಳೆಯ ದಾರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಕಲ್ಲು ಕಳುವಾಗಿದೆಯೆಂದು ಠಾಣೆಗೆ ಬಂದು ದೂರು ಕೊಟ್ಟವಳು ಅವಳೇ.

"ಪ್ರಾಚ್ಯವಸ್ತು ಮಾರೋ ಗ್ಯಾಂಗೇ ಇರ್ಬೇಕು ಮೇಡಂ," ಎಂದಳು ಶ್ರೀಲತಾ. "ಕದಂಬರ ಕಾಲದ ಅಕ್ಷರ ಇತ್ತು ಅದರಲ್ಲಿ. ಈಗ ಎಲ್ಲಿಗೆ ಹೋಗಿ ಮುಟ್ಟಿದೆಯೋ."

"ಗ್ಯಾಂಗಿನೋರು ಚಪ್ಪಲಿ ಬಿಚ್ತಾರಾ?"

"ಅಂದ್ರೆ?"

ಗಂಗಾಶ್ರೀ ಎದ್ದು, ಹಗ್ಗ ಕಟ್ಟಿ ಕಾಪಾಡಿದ್ದ ಜಾಗಕ್ಕೆ ಅವಳನ್ನು ಕರೆದೊಯ್ದಳು. ಮತ್ತಿಮರದ ಬುಡ. ಹಸಿಮಣ್ಣಿನಲ್ಲಿ ಚಪ್ಪಲಿಯ ಗುರುತುಗಳು ಬಂದಿದ್ದವು, ಮರದ ಹತ್ತಿರ ನಿಂತುಬಿಟ್ಟಿದ್ದವು. ಅಲ್ಲಿಂದ ಗುಂಡಿಯವರೆಗೆ ಬರಿಗಾಲು. ಹರಡಿದ ಬೆರಳು, ಒಡೆದ ಹಿಮ್ಮಡಿ. ಇಬ್ಬರ ಕಾಲು.

"ಕಲ್ಲು ಕೀಳೋಕೆ ಬಂದೋರು ಕಲ್ಲಿಗೆ ಹೆದರಿ ಚಪ್ಪಲಿ ಬಿಟ್ಟಿದಾರೆ. ಅದು ದೇವರು ಅಂತ ಗೊತ್ತಿದ್ದೋರು. ಗುಂಡಿ ನೋಡಿ, ಹಾರೆ ಹಾಕಿ ಕಿತ್ತಿಲ್ಲ. ಸುತ್ತ ಬಿಡಿಸಿ, ಕೂಸು ಎತ್ತಿದಂಗೆ ಎತ್ತಿದಾರೆ. ಹೊರಗಿನೋರಲ್ಲ ಇವರು."

"ಮತ್ತೆ ಎಲ್ಲಿಗೆ ಹೊತ್ಕೊಂಡು ಹೋದ್ರು?"

ಅದೇ ತೊಡಕು. ಬರಿಗಾಲಿನ ಗುರುತು ಗುಂಡಿಯಿಂದ ಹಾಸುಗಲ್ಲಿನವರೆಗೆ ಬಂದು ಅಲ್ಲಿ ಇಲ್ಲವಾಗುತ್ತಿತ್ತು. ಸಾವಿರಾರು ವರ್ಷ ಅಷ್ಟೊಂದು ಜನರನ್ನು ದಾಟಿಸಿದ ಕಲ್ಲು ಯಾರ ಹೆಜ್ಜೆಯನ್ನೂ ಹಿಡಿದಿಟ್ಟುಕೊಂಡಿರಲಿಲ್ಲ.

ಫೋನು ಬಡಿದುಕೊಂಡಿತು. ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು.

"ಏನಮ್ಮ, ಇನ್ನೂ ಆ ಗದ್ದೇಲೇ ಇದೀಯಾ? ಒಂದು ಕಲ್ಲಿಗೆ ಎರಡು ದಿನ! ಪತ್ತೆಯಾಗಿಲ್ಲ ಅಂತ ಬರೆದು ಮುಗಿಸಿ ಠಾಣೆಗೆ ಬಾ."

"ಬರ್ತೀನಿ ಸಾರ್. ಪತ್ತೆಯಾದ ಮೇಲೆ."

"ನಾನು ಹೇಳ್ತಿರೋದು ಅರ್ಥ ಆಗ್ತಿದೆಯಾ?"

"ಆಗ್ತಿದೆ ಸಾರ್. ಅದನ್ನೇ ಒಂದು ಹಾಳೇಲಿ ಬರೆದು ಸಹಿ ಹಾಕಿ ಕಳಿಸಿಬಿಡಿ. ಈ ಕ್ಷಣ ಹೊರಡ್ತೀನಿ."

"ಈಸೂರಿನೋಳಲ್ವಾ ನೀನು. ಬ್ರಿಟಿಷರಿಗೇ ಬಗ್ಗದ ಆ ಮಣ್ಣಿನೋರಿಗೆ ಬೆನ್ನು ಬಗ್ಗಲ್ಲ," ಎಂದು ಹಲ್ಲು ಕಚ್ಚಿ ಹೇಳಿ ಫೋನು ಇಟ್ಟರು. ಬೈಗುಳವೆಂದು ಹೇಳಿದ್ದು. ಗಂಗಾಶ್ರೀ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

* * *

ಎ.ಸಿ. ಸಾಹೇಬರ ಜೀಪು ಬಂದಾಗ ಬಿಸಿಲು ನೆತ್ತಿಯಿಂದ ಸ್ವಲ್ಪ ಜಾರಿತ್ತು. ಹಿಂದೆಯೇ ಮಲ್ಲಿಕಾರ್ಜುನಪ್ಪನ ಬಿಳಿ ಕಾರು. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಅಂಗಿ. ಅವನ ಹೆಂಡತಿ ರಾಜೇಶ್ವರಮ್ಮ ಸ್ಟೀಲಿನ ಕ್ಯಾನಿನಲ್ಲಿ ಮಜ್ಜಿಗೆ ಹಿಡಿದು, ಸೆರಗು ಹೊದ್ದು, ಕಾರಿನಿಂದ ಕೊನೆಗೆ ಇಳಿದಳು.

ಎ.ಸಿ. ಸಾಹೇಬರು ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳು. "ಕಲ್ಲೆಲ್ಲಿ?" ಎಂದರು.

"ಹುಡುಕ್ತಿದೀವಿ ಸಾರ್," ಎಂದಳು ಗಂಗಾಶ್ರೀ.

ಮಲ್ಲಿಕಾರ್ಜುನಪ್ಪ ನಕ್ಕ. "ಇದ್ರೆ ತಾನೇ ಸಾರ್ ಸಿಗೋದು? ಯಾರೋ ಎಲ್ಲಿಂದಲೋ ಒಂದು ಕಲ್ಲು ತಂದು ನೆಟ್ಟಿದ್ರು. ಅವರೇ ತಗಂಡು ಹೋಗ್ಯಾರೆ."

"ನನ್ನ ಹತ್ರ ಫೋಟೋ ಇದೆ!" ಶ್ರೀಲತಾ ಮುಂದೆ ಬಂದಳು.

"ಫೋಟೋ ಎಲ್ಲಿ ಬೇಕಾದ್ರೂ ತೆಗೀಬೋದಲ್ಲವ್ವ. ನಮ್ಮ ಮೊಮ್ಮಗ ಫೋನಿನಾಗೆ ನನ್ನ ಹುಲಿ ಮ್ಯಾಲೆ ಕೂರ್ಸ್ಯಾನೆ. ಹಂಗಂತ ನಾನು ಹುಲಿ ಸಾಕೀನಾ?"

ಅವನ ಕಡೆಯ ಒಂದಿಬ್ಬರು ನಕ್ಕರು. ಶ್ರೀಲತಾ ನಗಲಿಲ್ಲ, ಹಿಂದೆಯೂ ಸರಿಯಲಿಲ್ಲ.

"ಸಾರ್, ಇದು ಬರೀ ಗದ್ದೆಗೆ ಹೋಗೋ ಹಾದಿ ಅಲ್ಲ. ಬನವಾಸಿಯಿಂದ ಹೊರಟು ಬಂದಳಿಕೆ ಮಗ್ಗುಲಿಂದ ಬಳ್ಳಿಗಾವೆಗೆ ಹೋಗ್ತಿದ್ದ ಹೆದ್ದಾರಿ. ಕಲ್ಲಿನ ಮೇಲೆ ಹೆಬ್ಬಟ್ಟೆ ಅಂತಲೇ ಇತ್ತು. ಮೆಣಸು, ಉಪ್ಪು, ಬಟ್ಟೆ, ಕುದುರೆ ಎಲ್ಲ ಇದರ ಮೇಲೆ ಓಡಾಡಿದ್ದು. ದಂಡು ಹೋಗಿದ್ದು, ತಾಳಗುಂದಕ್ಕೆ ಓದೋಕೆ ಹುಡುಗರು ನಡೆದದ್ದು ಇದರ ಮೇಲೆ. ಇಲ್ಲಿ ಸುಂಕ ಕಟ್ಟಿಸಿಕೊಳ್ತಿದ್ದಕ್ಕೇ ಈ ಊರಿಗೆ ಈ ಹೆಸರು." ಅವಳು ಫೋನಿನಲ್ಲಿ ಇನ್ನೊಂದು ಚಿತ್ರ ತೆಗೆದಳು. "ಇದು ನೋಡಿ, ರೋಮಿನ ಅಪ್ಪಿಯಾ ದಾರಿ. ಕ್ರಿಸ್ತ ಹುಟ್ಟೋಕೆ ಮುನ್ನೂರು ವರ್ಷ ಮೊದಲು ಹಾಕಿದ್ದು. ಅಂಚಿಗೆ ನಿಲುಗಲ್ಲು, ಒಳಗೆ ಹಾಸುಗಲ್ಲು. ಇವತ್ತಿಗೂ ಜನ ಅದರ ಮೇಲೆ ನಡೀತಾರೆ, ಸೈಕಲ್ ತುಳೀತಾರೆ. ಆ ದಾರಿ ಇದ್ದದ್ದಕ್ಕೇ ರೋಮಿನ ಸೈನ್ಯ, ಕಾಗದ, ಕಾನೂನು ದಕ್ಷಿಣದ ಬಂದರಿನ ತನಕ ಮುಟ್ಟಿದ್ದು. ಆ ಸಾಮ್ರಾಜ್ಯದೊಳಗೆ ಕೂತು ಭೂಗೋಳ ಬರೆದವನೊಬ್ಬ ನಮ್ಮ ಬನವಾಸಿ ಹೆಸರು ಬರೆದಿದಾನೆ ಸಾರ್. ದಾರಿ ಇಲ್ಲದೆ ಅವನ ಕಿವಿಗೆ ಬಿತ್ತಾ?"

ಎ.ಸಿ. ಸಾಹೇಬರು ಫೋನು ಕೈಗೆ ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಕಾಲಕೆಳಗಿನ ಹಾಸುಗಲ್ಲನ್ನು ನೋಡಿದರು.

"ರೋಮಿನ ರಸ್ತೆ ರೋಮಲ್ಲೇ ಇರ್ಲಿ ಬಿಡ್ರಿ!" ಮಲ್ಲಿಕಾರ್ಜುನಪ್ಪ ಕೈ ಬೀಸಿದ. "ನನ್ನ ಗದ್ದೆಗೆ ಯಾಕೆ ತರ್ತೀರಿ?"

"ರೋಮಿನೋರು ದಾರಿಗೆ ಕಾಂಪೌಂಡು ಹಾಕಿದ್ರಾ ತಂಗೀ?" ದೂರದಿಂದ ಹುಚ್ಚಮ್ಮ ಕೂಗಿ ಕೇಳಿದಳು. ಆಕೆ ಇನ್ನೂ ಬೆಳಗ್ಗೆ ನಿಂತಲ್ಲೇ ನಿಂತಿದ್ದಳು.

"ಇಲ್ಲ ದೊಡ್ಡಮ್ಮ."

"ಅದಕ್ಕೇ ಉಳೀತು."

ಈ ಸಲ ನಗು ಇನ್ನೊಂದು ಕಡೆಯಿಂದ ಬಂತು. ಮಲ್ಲಿಕಾರ್ಜುನಪ್ಪನ ಕತ್ತು ಕೆಂಪಗಾಯಿತು. "ಸಾರ್, ನಮ್ಮ ತಾತನ ಕಾಲದಿಂದ ಇದು ಒಂದೇ ಜಮೀನು. ಈ ತುದಿಯಿಂದ ಆ ತುದಿವರೆಗೂ ಒಂದೇ. ನಡುವೆ ಹುಲ್ಲು ಬಿಟ್ಟಿರೋದು ದನಕ್ಕೆ. ನಾನು ದೇವರು ದಿಂಡರು ಅನ್ನೋ ಮನುಷ್ಯ, ಸುಳ್ಳು ಹೇಳಲ್ಲ."

ಒಂದೇ ಜಮೀನು. ಗಂಗಾಶ್ರೀ ಮೇಲಿನ ಗದ್ದೆಯ ಕಡೆ ನೋಡಿದಳು, ಕೆಳಗಿನ ಗದ್ದೆಯ ಕಡೆ ನೋಡಿದಳು. ಬೆಳಗ್ಗೆಯಿಂದ ಕಣ್ಣಿಗೆ ಬೀಳುತ್ತಲೇ ಇದ್ದದ್ದು ಈಗ ಕಂಡಿತು. ಮೇಲಿನ ಗದ್ದೆಯ ಮೂಲೆಯಲ್ಲಿ ಒಣಗಿದ ಎರಡು ಬಾಳೆಕಂದು, ನಡುವೆ ತರಗಾದ ಮಾವಿನ ತೋರಣ. ಕೆಳಗಿನ ಗದ್ದೆಯ ಮೂಲೆಯಲ್ಲಿ ಇನ್ನೊಂದು, ಹಾಗೆಯೇ.

ಭೂಮಿ ಹುಣ್ಣಿಮೆಯದು. ಬಸುರಿ ಭತ್ತಕ್ಕೆ ಬಯಕೆಯೂಟವೆಂದು ಚರಗ, ಅಂದರೆ ಸೊಪ್ಪು ಬೆರೆಸಿದ ಅನ್ನ, ಚೆಲ್ಲಿದ ಗುರುತು.

"ಮಲ್ಲಿಕಾರ್ಜುನಪ್ಪನೋರೇ," ಎಂದಳು ಮೆಲ್ಲಗೆ, "ಈ ಸಲ ಹಬ್ಬ ಜೋರು ಮಾಡಿದೀರಿ."

ಮಾತು ಎತ್ತ ಹೊರಳಿತೆಂದು ತಿಳಿಯದೆ ಅವನು ಹುಬ್ಬೇರಿಸಿದ. "ಮಾಡ್ದೆ ಇರ್ತೀವಾ? ಭೂಮ್ತಾಯಿಗೆ ಮೋಸ ಮಾಡಿ ಬದುಕೋಕಾಗ್ತದಾ?"

"ಚರಗದ ಬುಟ್ಟಿ ಯಾರು ಹೊತ್ತಿದ್ದು?"

"ಯಜಮಾನ ನಾನಿರೋವಾಗ ಇನ್ಯಾರು ಹೊರ್ತಾರ್ರಿ? ನಸುಕಿಗೆ ಎದ್ದು, ಮಡಿಯಲ್ಲಿ ನಾನೇ ಚರಗ ಚೆಲ್ಲೀನಿ. ಅಂಚಂಚಿಗೂ ಚೆಲ್ಲೀನಿ."

"ಎಷ್ಟು ಬುಟ್ಟಿ?"

ಅವನು ತಿರುಗಿ ಹೆಂಡತಿಯ ಕಡೆ ನೋಡಿದ.

"ಜಮೀನಿಗೊಂದು ಬುಟ್ಟಿ, ಜಮೀನಿಗೊಂದು ಎಡೆ. ನಮ್ಮೂರಲ್ಲೂ ಹಂಗೇ," ಎಂದಳು ಗಂಗಾಶ್ರೀ. "ಒಂದೇ ಜಮೀನಾದ್ರೆ ಎರಡು ಕಡೆ ಯಾಕೆ ತೋರಣ ಕಟ್ಟಿದ್ರಿ?"

"ಅದು... ಹೆಂಗಸರ ಆಸೆ. ಇನ್ನೊಂದು ಕಡೆನೂ ಇರ್ಲಿ ಅಂತ..."

"ಅಮ್ಮಾರೇ." ಗಂಗಾಶ್ರೀ ರಾಜೇಶ್ವರಮ್ಮನ ಕಡೆ ತಿರುಗಿದಳು. "ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದೋರು ನೀವು. ಸೊಪ್ಪು ಬೇಯಿಸಿ ಚರಗ ಕಲಸಿದೋರು ನೀವು. ಮೇಲಿನ ಗದ್ದೆ ಮುಗಿಸಿ ಕೆಳಗಿನ ಗದ್ದೆಗೆ ಬರುವಾಗ ಇವರು ಏನು ಮಾಡಿದ್ರು? ನಡುವೆಯೂ ಚೆಲ್ಲಿದ್ರಾ?"

ರಾಜೇಶ್ವರಮ್ಮ ಮಜ್ಜಿಗೆ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. ಗಂಡನನ್ನು ನೋಡಿದಳು. ಅವನ ಕಣ್ಣು ಏನು ಹೇಳುತ್ತಿದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

"ಹೇಳ್ಬೇಡ. ಸುಮ್ನಿರೇ," ಎಂದ ಅವನು.

ಆಕೆ ಲೋಟ ಕೆಳಗಿಟ್ಟಳು.

"ಬೇರೆ ಏನಾದ್ರೂ ಕೇಳಿದ್ರೆ ಸುಮ್ನಿರ್ತಿದ್ದೆ. ಮೂವತ್ತು ವರ್ಷ ಹಂಗೇ ಇದ್ದೀನಿ. ಭೂಮಣ್ಣಿ ಬುಟ್ಟಿ ವಿಷಯ ಕೇಳಿದ್ಮ್ಯಾಲೆ ಸುಮ್ನಿರಾದು ಆಗಲ್ಲ." ಆಕೆ ಎರಡು ಗದ್ದೆಗಳ ಕಡೆಗೂ ಕೈ ತೋರಿಸಿದಳು. "ಮೇಲಿನದಕ್ಕೊಂದು ಬುಟ್ಟಿ, ಕೆಳಗಿನದಕ್ಕೊಂದು. ದಾರಿ ದಾಟುವಾಗ ಬುಟ್ಟಿಗೆ ಟವೆಲ್ ಮುಚ್ಚಿದ್ರು. ನಮ್ಮ ಮಾವನೋರೂ ಮುಚ್ಚೋರು. ದಾರಿ ಮ್ಯಾಲೆ ಒಂದು ಅಗಳೂ ಬೀಳಬಾರ್ದು. ಅದು ನಮ್ಮ ಹೊಲ ಅಲ್ಲ ನೋಡ್ರಿ. ಎಲ್ಲರದು."

ಗದ್ದೆಯ ಮೇಲೆ ಗಾಳಿ ಬೀಸಿ ತೆನೆಗಳು ಒಂದಕ್ಕೊಂದು ಉಜ್ಜಿದ ಸದ್ದು ಕೇಳಿತು.

"ಸರ್ಕಾರಕ್ಕೆ ಅರ್ಜಿ ಕೊಟ್ಟಾಗ ದಾರಿ ಇರಲಿಲ್ಲ," ಎಂದಳು ಗಂಗಾಶ್ರೀ. "ಭೂಮಿ ಮುಂದೆ ನಿಂತಾಗ ಇತ್ತು. ಅಲ್ವಾ ಮಲ್ಲಿಕಾರ್ಜುನಪ್ಪನೋರೇ?"

"ಮನೆಗೆ ಬಾ ನೀನು," ಎಂದ ಅವನು. ಗಂಗಾಶ್ರೀಗೆ ಅಲ್ಲ.

"ಬರ್ತೀನಿ," ಎಂದಳು ರಾಜೇಶ್ವರಮ್ಮ. "ನನ್ನ ದಿಬ್ಬಣ ಬಂದಿದ್ದೂ ಈ ದಾರಿ ಮ್ಯಾಲೇ. ನನಗೆ ಗೊತ್ತು ಮನೆ ಯಾವ ಕಡೆ ಐತೆ ಅಂತ."

ಎ.ಸಿ. ಸಾಹೇಬರು ಎರಡು ತೋರಣಗಳ ಹತ್ತಿರವೂ ನಡೆದು ಹೋಗಿ ನೋಡಿ ಬಂದರು. "ಹೇಳಿಕೆ ಬರೆದುಕೊಳ್ತೀನಿ," ಎಂದರು. "ತೂಕದ ಮಾತೇ. ಆದರೆ ನಾಳೆ ಇವರ ವಕೀಲರು ನಂಬಿಕೆ ಬೇರೆ, ಹಕ್ಕು ಬೇರೆ ಅಂತಾರೆ. ಆ ಕಲ್ಲು ಈ ಗುಂಡಿಯಲ್ಲಿ ಇತ್ತು ಅಂತ ನನಗೆ ಕಾಣಬೇಕು."

"ಗುಂಡಿಯೊಳಗೆ ಕಲ್ಲಿನ ಬುಡಕ್ಕೆ ಕೂಡಿಸಿದ ಸಂದುಗಲ್ಲು ಹಾಗೇ ಇವೆ ಸಾರ್," ಶ್ರೀಲತಾ ಅವಸರದಿಂದ ಹೇಳಿದಳು. "ಕಲ್ಲು ಸಿಕ್ಕಿದರೆ ಇಳಿಸಿ ನೋಡಬಹುದು. ಬೇರೆ ಕಲ್ಲು ಅಲ್ಲಿ ಕೂರೋದೇ ಇಲ್ಲ."

"ಹಾಗಾದರೆ ಸಿಗಲಿ. ಸಂಜೆವರೆಗೆ ಇರ್ತೀನಿ."

* * *

ಎಲ್ಲರೂ ಮತ್ತಿಮರದ ನೆರಳಿಗೆ ಬಂದರು. ರಾಜೇಶ್ವರಮ್ಮ ಎದುರಾಳಿ, ನಂಟ ಎಂದು ನೋಡದೆ ಎಲ್ಲರ ಕೈಗೂ ಮಜ್ಜಿಗೆ ಕೊಟ್ಟಳು. ರವಿ ಎರಡು ಲೋಟ ಕುಡಿದ. ಹನುಮಂತಪ್ಪ ಮಾತ್ರ ಬೇಡವೆಂದು ದೂರ ನಿಂತಿದ್ದ. ತಿನ್ನುವ ಕುಡಿಯುವ ವಿಷಯಕ್ಕೆ ಬೇಡ ಎಂದವನಲ್ಲ ಅವನು.

ಬಾರದೆ ಉಳಿದವಳು ಇನ್ನೊಬ್ಬಳು. ಹುಚ್ಚಮ್ಮ.

ಗಂಗಾಶ್ರೀ ಲೋಟ ಬಾಯಿಗಿಟ್ಟುಕೊಂಡೇ ಆಕೆಯನ್ನು ನೋಡುತ್ತ ನಿಂತಳು. ಜೆಸಿಬಿಯ ಎಂಜಿನ್ ಬೆಳಗ್ಗೆಯೇ ಆರಿದೆ. ಅದರ ಡ್ರೈವರ್ ಇಲ್ಲಿ ಮಜ್ಜಿಗೆ ಕುಡಿಯುತ್ತಿದ್ದಾನೆ. ಇನ್ನು ಯಾರನ್ನು ತಡೆಯಲು ಈಕೆ ಸುಡುಬಿಸಿಲಲ್ಲಿ ನಿಂತಿದ್ದಾಳೆ? ಅದೂ ಒಂದೇ ಜಾಗದಲ್ಲಿ, ಲಂಟಾನದ ಪೊದೆಯ ಪಕ್ಕ?

ಆಮೇಲೆ ಅವಳ ಕಣ್ಣು ಮರದ ಬುಡಕ್ಕೆ ಹೋಯಿತು. ಅಲ್ಲಿ ಸವೆದ ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು.

ಮಜ್ಜಿಗೆಯ ಲೋಟ ಹಿಡಿದು ಹುಚ್ಚಮ್ಮನ ಹತ್ತಿರ ನಡೆದಳು.

"ದೊಡ್ಡಮ್ಮ, ಕುಡೀರಿ. ಬಾಯಿ ಒಣಗಿದೆ."

"ಇಲ್ಲಿಗೇ ತಂದ್ಯಲ್ಲ, ಒಳ್ಳೇದಾಯ್ತು." ಆಕೆ ಒಂದೇ ಉಸಿರಿಗೆ ಕುಡಿದಳು.

"ನೆರಳಿಗೆ ಬರಬಹುದಲ್ಲ."

"ಬರಲ್ಲ."

"ಒಂದು ಹೆಜ್ಜೆ ಈಚೆ?"

"ಬರಲ್ಲ ಅಂದ್ನಲ್ಲ ತಂಗೀ."

"ದೊಡ್ಡಮ್ಮ, ದಾರಿಬಸಪ್ಪನ ಗುಂಡಿ ಅಲ್ಲಿದೆ. ಖಾಲಿ. ಅಲ್ಲಿಗೆ ಎಲ್ಲರೂ ಚಪ್ಪಲಿ ಹಾಕ್ಕೊಂಡೇ ಹೋಗಿ ನೋಡಿ ಬರ್ತಿದಾರೆ." ಗಂಗಾಶ್ರೀ ದನಿ ತಗ್ಗಿಸಿದಳು. "ನೀವು ಮಾತ್ರ ಚಪ್ಪಲಿ ಬಿಟ್ಟು, ಕಾದ ನೆಲದ ಮೇಲೆ, ಇಲ್ಲಿ ನಿಂತಿದೀರಿ."

ಹು‌ಚ್ಚಮ್ಮ ಲೋಟ ವಾಪಸು ಕೊಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ತಲೆ ತಗ್ಗಿಸಲಿಲ್ಲ.

"ಹೌದು. ನಾನೇ ತೆಗೆದದ್ದು. ಇಲ್ಲೇ ಅವ್ನೆ."

ಮಾತು ಮರದ ನೆರಳಿನವರೆಗೂ ಕೇಳಿತು. ಶ್ರೀಲತಾಳ ಕೈಯಿಂದ ಲೋಟ ಬಿತ್ತು. ಮಲ್ಲಿಕಾರ್ಜುನಪ್ಪ ದಾಪುಗಾಲು ಹಾಕುತ್ತ ಬಂದ. "ನೋಡಿದ್ರಾ ಸಾರ್? ಕಳ್ಳಿ ಇಲ್ಲೇ ಅದಾಳೆ! ತಾವೇ ಹೂತಿಟ್ಟು, ತಾವೇ ಕಂಪ್ಲೇಂಟು!"

"ಕಂಪ್ಲೇಂಟು ಕೊಟ್ಟಿದ್ದು ಆ ಹುಡುಗಿ. ಅದಕ್ಕೆ ಎಂತದೂ ಗೊತ್ತಿಲ್ಲ," ಎಂದಳು ಹುಚ್ಚಮ್ಮ. "ನಿನ್ನ ಜೆಸಿಬಿ ಊರ ಬಾಗ್ಲಿಗೆ ಬಂತು ಅಂತ ಕೇಳ್ದೆ. ಒಂದು ಏಟು ಬಿದ್ರೆ ಬಸಪ್ಪ ಜಲ್ಲಿ ಆಗ್ತಾನೆ. ಸಾಹೇಬ್ರು ಬರೂ ಹೊತ್ತಿಗೆ ತೆಗೆದು ಕೊಡನ ಅಂತ ಮುಚ್ಚಿಟ್ಟೆ. ಕೇಸ್ ಹಾಕ್ತೀಯಾ, ಹಾಕು. ಯಾರ ಮನೆ ಗಂಟು ಹೊತ್ತಿದ್ದಲ್ಲ ನಾನು."

"ಇಬ್ಬರ ಹೆಜ್ಜೆ ಇತ್ತು ದೊಡ್ಡಮ್ಮ. ಜೊತೆಗೆ ಯಾರು?"

"ಅದ ಕೇಳಬೇಡ. ಹೇಳಲ್ಲ."

ಎ.ಸಿ. ಸಾಹೇಬರ ಹುಬ್ಬು ಗಂಟಾಗಿತ್ತು. "ತೆಗೀರಿ," ಎಂದರು. "ಮಿಕ್ಕದ್ದು ಆಮೇಲೆ."

ಹುಚ್ಚಮ್ಮ ಈಗ ಪಕ್ಕಕ್ಕೆ ಸರಿದಳು. ಆಕೆ ನಿಂತಿದ್ದ ಜಾಗದ ಹಿಂದೆ, ಪೊದೆಯೊಳಗೆ, ಒಂದು ಪುಟ್ಟ ಮಾವಿನ ತೋರಣವಿತ್ತು. ಎಲೆ ಇನ್ನೂ ಹಸಿರು. ಮಣ್ಣು ಅಗೆದು ದೇವರನ್ನು ಮಲಗಿಸಿದವರು ಮಣ್ಣಿಗೆ ಎಡೆ ಕೊಡದೆ ಬಂದಿರಲಿಲ್ಲ. ಗಂಗಾಶ್ರೀ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ರವಿಯೂ ಚಪ್ಪಲಿ ಬಿಟ್ಟು, ಬಗ್ಗಿ, ಸಲಿಕೆಯಿಂದ ಮೆಲ್ಲಗೆ ಮಣ್ಣೆಳೆದ.

ಮೊದಲು ಬಾಳೆಲೆಯಲ್ಲಿ ಸುತ್ತಿದ ಕಡುಬು ಬಂತು. ಆಮೇಲೆ ಬುಟ್ಟಿ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಭತ್ತದ ಸಸಿ, ಏಣಿ, ಗಾಡಿಚಕ್ರ ಬರೆದ ಭೂಮಣ್ಣಿ ಬುಟ್ಟಿ. ಬೋರಲು ಬಿದ್ದಿತ್ತು.

"ಅಯ್ಯೋ, ಬುಟ್ಟಿ ಹಂಗೆ ಬೋರಲು ಇಟ್ಟಿರಲಿಲ್ಲ ನಾವು!"

ಎಲ್ಲರೂ ಹಿಂದೆ ತಿರುಗಿದರು. ಮಾತು ರಾಜೇಶ್ವರಮ್ಮನದು.

ಹುಚ್ಚಮ್ಮ ಕಣ್ಣು ಮುಚ್ಚಿಕೊಂಡಳು. ಮಲ್ಲಿಕಾರ್ಜುನಪ್ಪ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. "ನಾವು?" ಎಂದ. "ನಾವು ಅಂದ್ರೆ ಯಾರೇ?"

"ನಾನು, ಹುಚ್ಚಕ್ಕ," ಎಂದಳು ಆಕೆ. "ಕಲ್ಲು ಎತ್ತಿದ ಹಗ್ಗ ನಮ್ಮ ಕೊಟ್ಟಿಗೇದು. ಬುಟ್ಟಿ ನಂದು. ಇದನ್ನೂ ಬರ್ಕೊಳ್ರಿ ಸಾಹೇಬ್ರೆ."

ಆದರೆ ಗಂಗಾಶ್ರೀಯ ಕಿವಿಯಲ್ಲಿ ಇನ್ನೂ ಮೊದಲಿನ ಮಾತೇ ನಿಂತಿತ್ತು. ಬೋರಲು ಇಟ್ಟಿರಲಿಲ್ಲ. ಈ ಸೀಮೆಯ ಯಾವ ಹೆಣ್ಣೂ ಎಡೆಯ ಬುಟ್ಟಿಯನ್ನು ಬೋರಲು ಇಡುವುದಿಲ್ಲ. ಹಾಗಾದರೆ ಇಟ್ಟವರು ಯಾರು?

ಅವಳೇ ಗುಂಡಿಗಿಳಿದು ಬುಟ್ಟಿ ಎತ್ತಿದಳು. ಕೆಳಗೆ ಭತ್ತದ ಹಾಸು. ಭತ್ತದ ಮೇಲೆ ಒಂದು ದೊಡ್ಡ ತಗ್ಗು. ತಲೆ ದುಂಡಗೆ, ಬುಡ ಚಪ್ಪಟೆ. ದಾರಿಬಸಪ್ಪ ಮಲಗಿದ್ದ ಅಚ್ಚು.

ಬಸಪ್ಪ ಇರಲಿಲ್ಲ.

ಬೆಳಗಿನಿಂದ ಜೆಸಿಬಿಗೆ ಎದೆ ಕೊಟ್ಟು ಕಾದದ್ದು ಖಾಲಿ ಗುಂಡಿಯನ್ನು ಎಂದು ಹುಚ್ಚಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆಕೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕುಳಿತಳು. ಕುಳಿತೇ ಹೇಳಿದಳು: "ದಾರಿ ಬಿಡಲ್ಲ ನಾನು. ಕಲ್ಲಿಲ್ದಿದ್ರೂ ಬಿಡಲ್ಲ."

ಗಂಗಾಶ್ರೀ ಭತ್ತವನ್ನು ಅಂಗೈಯಿಂದ ಸರಿಸಿದಳು. ಹಾಸಿನ ಅಂಚಿಗೆ, ಒದ್ದೆ ಜೇಡಿಮಣ್ಣಿನಲ್ಲಿ, ಒಂದು ಹೆಜ್ಜೆ ಆಳವಾಗಿ ಒತ್ತಿತ್ತು. ಭಾರ ಎತ್ತುವವನು ಊರಿದ ಹೆಜ್ಜೆ. ಬರಿಗಾಲಲ್ಲ.

ಕೈ ಚಾಚಿ, ಗುಂಡಿಯ ಅಂಚಿನಲ್ಲಿಟ್ಟಿದ್ದ ತನ್ನ ಬೂಟನ್ನು ತೆಗೆದುಕೊಂಡು ಮಗುಚಿದಳು. ಇಲಾಖೆ ಕೊಟ್ಟ ಬೂಟು. ಅಟ್ಟೆಯ ಗೆರೆಗಳನ್ನೂ ಮಣ್ಣಿನ ಗೆರೆಗಳನ್ನೂ ನೋಡಿದಳು. ಅವೇ ಗೆರೆ. ಮಣ್ಣಿನಲ್ಲಿದ್ದ ಕಾಲು ಮಾತ್ರ ದೊಡ್ಡದು.

ನಿನ್ನೆ ರಾತ್ರಿ ಈ ಜಾಗವನ್ನು ಕಾಯಲು ಕೂರಿಸಿದ್ದು ಒಬ್ಬನನ್ನೇ. ಕೂರಿಸಿದವಳು ತಾನೇ.

"ಹನುಮಂತಪ್ಪ," ಎಂದಳು, ತಲೆಯೆತ್ತದೆ. "ಒಲೆ ಹತ್ರ ಒಣಗ್ತಿರೋ ಬೂಟು ತಗೊಂಡು ಬರೋಣ, ನಡೀರಿ."

ಗಂಗಾಶ್ರೀ ತಲೆಯೆತ್ತಿದಾಗ ಹನುಮಂತಪ್ಪ ಗುಂಡಿಯನ್ನೇ ನೋಡುತ್ತ ನಿಂತಿದ್ದ. ನಿಧಾನವಾಗಿ, ಒಂದಾದ ಮೇಲೊಂದು, ಹವಾಯಿ ಚಪ್ಪಲಿಗಳನ್ನು ಕಾಲಿನಿಂದ ಕಳಚಿ ಬರಿಗಾಲಲ್ಲಿ ನಿಂತ.

"ರಾತ್ರಿ ಆ ತೋರಣ ಕಣ್ಣಿಗೆ ಬಿತ್ತು, ತಿಳಿಸ್ದೆ. ಆಮೇಲೆ ನಂಗೆ ಹೇಳಿದ್ದಷ್ಟೇ ಮಾಡಿದ್ದು ಮೇಡಂ," ಎಂದ. "ನಂಗೂ ಮಕ್ಕಳು ಅವೆ."

"ಯಾರು ಹೇಳಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಗಂಗಾಶ್ರೀಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಸರು ನೋಡಿದಳು. ಎ.ಸಿ. ಸಾಹೇಬರ ಮುಖ ನೋಡಿದಳು. ಸ್ಪೀಕರ್ ಒತ್ತಿ, ಫೋನನ್ನು ಎಲ್ಲರಿಗೂ ಕೇಳುವಂತೆ ಗುಂಡಿಯಿಂದ ಮೇಲಕ್ಕೆ ಹಿಡಿದಳು.

"ಸಾಕು ಮಾಡಮ್ಮ ಇನ್ನು," ಎಂದರು ಸರ್ಕಲ್ ಸಾಹೇಬರು, ಈ ಸಲ ಬಹಳ ಮೃದುವಾಗಿ. "ಆ ಪೊದೆ ಹತ್ರದ ಗುಂಡಿನೂ ಖಾಲಿನೇ. ಸುಮ್ನೆ ಯಾಕೆ ಹುಡುಕ್ತಿದೀಯಾ?"

ಅಲ್ಲಿ ಗುಂಡಿಯಿದೆಯೆಂದು ಇಲ್ಲಿದ್ದವರಿಗೇ ಗೊತ್ತಾದದ್ದು ಈಗಷ್ಟೆ. ಗುಂಡಿ ಕಂಡ ಮೇಲೆ ಇಲ್ಲಿಂದ ಯಾರೂ ಸರ್ಕಲ್ ಸಾಹೇಬರಿಗೆ ಫೋನು ಮಾಡಿರಲಿಲ್ಲ.